ಅಲಸಂಡೆ ಬಳ್ಳಿಯ ಹೇನು

ಗದ್ದೆಯ ಕೊಯ್ಲು ಮುಗಿದು ನಟ್ಟಿಕಾಯಿಯ ಸಾಲುಗಳು ಏಳುವ ಕಾಲಕ್ಕೆ ನಮ್ಮ ಕಾಸರಗೋಡಿನ ಕಡೆ ಅಲಸಂಡೆ ಇಲ್ಲದ ಹಿತ್ತಿಲು ಅಪರೂಪ. ಬಳ್ಳಿ ಚಪ್ಪರಕ್ಕೆ ಹಬ್ಬಿ ಹೂ ಬಿಡುವ ಹೊತ್ತಿಗೆ ಸರಿಯಾಗಿ ಕುಡಿಯಲ್ಲಿಯೂ ಎಳೆಮಿಡಿಯಲ್ಲಿಯೂ ಸಾಸಿವೆ ಮೆತ್ತಿದಂತೆ ಕಪ್ಪು ಹೇನುಗಳು ಕಾಣಿಸಿಕೊಳ್ಳುತ್ತವೆ. ಎಲೆ ಮುರುಟುತ್ತದೆ, ಹೂ ಉದುರುತ್ತದೆ, ಕಾಯಿ ಸೊಟ್ಟಗಾಗುತ್ತದೆ. ಕೂಡಲೇ ಅಂಗಡಿಗೆ ಓಡಿ ‘ಮದ್ದು’ ತರುವ ಮೊದಲು ಈ ಕೀಟದ ಬಾಳುವೆಯನ್ನು ಸ್ವಲ್ಪ ತಿಳಿದುಕೊಳ್ಳೋಣ.

ನಮ್ಮಂಥ ಬಿಸಿ ನಾಡಿನಲ್ಲಿ ಈ ಹೇನುಗಳಲ್ಲಿ ಕಾಣುವುದು ಹೆಚ್ಚಾಗಿ ಹೆಣ್ಣುಗಳೇ. ಅವು ಗಂಡಿನ ಹಂಗಿಲ್ಲದೆ, ಮೊಟ್ಟೆಯನ್ನೂ ಇಡದೆ, ನೇರವಾಗಿ ಮರಿಹಾಕುತ್ತವೆ. ಆ ಮರಿ ಸುಮಾರು ಒಂದು ವಾರದಲ್ಲಿ ತಾನೇ ತಾಯಿಯಾಗುತ್ತದೆ. ಒಂದು ಹೇನಿಗೆ ವಾರಕ್ಕೆ 30 ಮರಿಗಳೆಂದು ಇಟ್ಟುಕೊಳ್ಳಿ, ಯಾವುದೂ ಸಾಯದಿದ್ದರೆ ಎರಡನೆಯ ತಲೆಮಾರಿಗೆ 900, ಮೂರನೆಯದಕ್ಕೆ 27,000! ಆದುದರಿಂದ ಹತ್ತು ಹೇನು ಇರುವಾಗಿನ ಐದು ನಿಮಿಷದ ಕೆಲಸ ಮೂರು ವಾರದ ಬಳಿಕ ಇಡೀ ದಿನದ ಕೆಲಸವಾಗುತ್ತದೆ. ಬಳ್ಳಿಯಲ್ಲಿ ನೂಕುನುಗ್ಗಲಾದಾಗ ರೆಕ್ಕೆಯುಳ್ಳ ಹೇನುಗಳು ಹುಟ್ಟಿ ಪಕ್ಕದ ಬಳ್ಳಿಗೆ ಹಾರುತ್ತವೆ.

ಹೇನು ಸೂಜಿಯಂಥ ಬಾಯಿಯಿಂದ ಗಿಡದ ರಸ ಹೀರುತ್ತದೆ. ತನಗೆ ಹೆಚ್ಚಾದ ಸಕ್ಕರೆಯನ್ನು ಅಂಟುನೀರಾಗಿ ಹೊರಬಿಡುತ್ತದೆ. ಅದನ್ನು ನೆಕ್ಕಲು ಇರುವೆಗಳು ಸಾಲುಗಟ್ಟಿ ಬರುತ್ತವೆ. ನಾವು ಹಸು ಸಾಕುವಂತೆ ಅವು ಹೇನನ್ನು ಕಾಯುತ್ತವೆ, ಹೇನು ತಿನ್ನಲು ಬಂದವರನ್ನು ಕಚ್ಚಿ ಓಡಿಸುತ್ತವೆ. ಬಳ್ಳಿಯಲ್ಲಿ ಇರುವೆಯ ಸಾಲು ಕಂಡರೆ ಕುಡಿಯನ್ನು ಮಗುಚಿ ನೋಡಬೇಕು.

ಹೇನು ತಿನ್ನುವವರಲ್ಲಿ ಮುಖ್ಯವಾದುದು ಗುಲಗಂಜಿ ಹುಳು. ಕೆಂಪು ಬೆನ್ನಿನ ದೊಡ್ಡ ಹುಳುವನ್ನು ಎಲ್ಲರೂ ಬಲ್ಲರು. ಅದರ ಮರಿಯನ್ನು ಬಲ್ಲವರು ಕಡಿಮೆ. ಮೊಸಳೆಮರಿಯಂತೆ ಉದ್ದನೆಯ ಕಪ್ಪು ಮೈ, ಅಲ್ಲಲ್ಲಿ ಹಳದಿ ಮಚ್ಚೆ, ಆರು ಕಾಲು. ನೋಡಲು ಚೆಂದವಿಲ್ಲದ ತಪ್ಪಿಗೆ ಅದು ಕೀಟವೆಂದು ಹೊಸಕಿಸಿಕೊಳ್ಳುತ್ತದೆ, ಪಾಪ! ದೊಡ್ಡದಾಗುವಷ್ಟರಲ್ಲಿ ಅಂಥ ಒಂದು ಮರಿ ನೂರಾರು ಹೇನುಗಳನ್ನು ಮುಗಿಸುತ್ತದೆ. ಹೇನುಗಳ ನಡುವೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಉಬ್ಬಿಕೊಂಡು ಅಲುಗಾಡದಿರುವವು ಕಂಡರೆ ಅವನ್ನೂ ಮುಟ್ಟಬಾರದು. ಒಳಗೆ ಸಣ್ಣ ಕಣಜದ ಮರಿ ಬೆಳೆಯುತ್ತಿರುತ್ತದೆ. ವಿಷ ಸಿಂಪಡಿಸಿದರೆ ಇವರೆಲ್ಲ ಸಾಯುತ್ತಾರೆ. ಉಳಿದ ನಾಲ್ಕು ಹೇನುಗಳಿಗೆ ಆಮೇಲೆ ಅಡ್ಡಿಯೇ ಇಲ್ಲ.

ಇನ್ನೊಂದು ಮಾತು. ಅಲಸಂಡೆಯನ್ನು ನಾವು ದಿನ ಬಿಟ್ಟು ದಿನ ಕೊಯ್ಯುತ್ತೇವೆ. ವಿಷದ ಡಬ್ಬಿಯ ಮೇಲೆ ಇಷ್ಟು ದಿನ ಕೊಯ್ಯಬಾರದೆಂದು ಬರೆದಿರುತ್ತದೆ. ಅಷ್ಟು ದಿನ ಕಾದರೆ ಕಾಯಿ ಬಲಿತು ನಾರಾಗುತ್ತದೆ; ಕಾಯದಿದ್ದರೆ ವಿಷ ಪಲ್ಯದ ಬಾಣಲೆಗೆ ಬರುತ್ತದೆ. ನಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ ಚಹಾ ಸೊಳ್ಳೆ ಎಂಬ ರಸ ಹೀರುವ ಕೀಟಕ್ಕಾಗಿ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆಯಿತು. ಪಡ್ರೆ, ಎಣ್ಮಕಜೆಯ ಕಡೆಯ ಹೆತ್ತವರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದುದೇನು? ಎರಡು ದಿನಕ್ಕೊಮ್ಮೆ ಕುಡಿ ನೋಡುವುದು. ಹೇನು ಮೆತ್ತಿದ ಒಂದೆರಡು ಕುಡಿಗಳನ್ನು ಚಿವುಟಿ ಸಾಬೂನು ನೀರಿಗೆ ಹಾಕುವುದು. ಹೆಚ್ಚಿದ್ದರೆ ಬೆಳಿಗ್ಗೆ ನೀರನ್ನು ರಭಸವಾಗಿ ಎಲೆಯ ಅಡಿಗೆ ಹಾಯಿಸಬೇಕು. ಕೆಳಗೆ ಬಿದ್ದ ಹೇನುಗಳಲ್ಲಿ ಬಹಳಷ್ಟು ಮರಳಿ ಹತ್ತಲಾರವು. ಬೂದಿ ಎರಚುವ ಹಳೆಯ ಕ್ರಮ ಹೇನು ಕಡಿಮೆ ಇರುವಾಗ ಮಾತ್ರ ಸಾಕಾಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಬೇವಿನೆಣ್ಣೆ. 5 ಗ್ರಾಂ ಬಾರ್ ಸಾಬೂನನ್ನು ಬಿಸಿನೀರಿನಲ್ಲಿ ಕರಗಿಸಿ 20 ಮಿಲಿಲೀಟರ್ ಬೇವಿನೆಣ್ಣೆ ಹಾಕಿ ಚೆನ್ನಾಗಿ ಕಲಕಬೇಕು. 20 ಗ್ರಾಂ ಬೆಳ್ಳುಳ್ಳಿಯನ್ನು ಅರೆದು ಸೋಸಿದ ನೀರನ್ನು ಸೇರಿಸಿ ಒಟ್ಟು 1 ಲೀಟರ್ ಮಾಡಬೇಕು. ಮೊದಲು ಒಂದೇ ಕುಡಿಗೆ ಹಾಕಿ ಮರುದಿನ ಎಲೆ ಸುಡದಿದ್ದರೆ ಉಳಿದುದಕ್ಕೆ ಸಂಜೆ ಸಿಂಪಡಿಸಬಹುದು. ಮೈಗೆ ತಾಗದ ಹೇನು ಬದುಕುತ್ತದೆ. ಆದುದರಿಂದ ವಾರ ಬಿಟ್ಟು ಇನ್ನೊಮ್ಮೆ. ಹೊಗೆಸೊಪ್ಪಿನ ಕಷಾಯವೂ ಹೇನನ್ನು ಕೊಲ್ಲುತ್ತದೆ. ಆದರೆ ಅದರಲ್ಲಿರುವ ನಿಕೊಟಿನ್ ಕಡುವಿಷ, ಮಕ್ಕಳ ಕೈಗೆ ತಕ್ಕುದಲ್ಲ.

ಯೂರಿಯಾ ಹೆಚ್ಚಾದರೆ ಬಳ್ಳಿ ಸೊಕ್ಕಿ ಕುಡಿ ಮೆತ್ತಗಾಗುತ್ತದೆ, ಹೇನಿಗೆ ಹಬ್ಬ. ಅಲಸಂಡೆಗೆ ಹಟ್ಟಿಗೊಬ್ಬರ, ಸುಡುಮಣ್ಣು ಸಾಕು.

ಎಲೆಯಲ್ಲಿ ಹಳದಿ-ಹಸುರು ತೇಪೆಗಳು ಕಂಡರೆ ಅದು ಹೇನು ತಂದ ವೈರಸ್ ರೋಗವಿರಬಹುದು. ಅದಕ್ಕೆ ಯಾವ ಸಿಂಪಡಣೆಯೂ ಇಲ್ಲ. ಬಳ್ಳಿಯನ್ನು ಕಿತ್ತು ಸುಡಬೇಕು; ರೋಗ ಬೀಜದಲ್ಲಿಯೂ ಸಾಗುವುದರಿಂದ ಆ ಬಳ್ಳಿಯ ಕಾಯನ್ನು ಮುಂದಿನ ವರ್ಷದ ಬಿತ್ತಿಗೆ ಎತ್ತಿಡಬಾರದು.