ಆಟದ ಅಂಗಡಿ ಅಂದರೆ ಜೂಜಿನ ಅಡ್ಡೆಯಲ್ಲ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ: ಈ ನಾಲ್ಕರಲ್ಲಿ ಯಾವ ಪೇಟೆಗೆ ಹೋದರೂ ಕ್ಯಾರಂ ಬೋರ್ಡು, ಚೆಸ್ ಸೆಟ್ಟು ಮಾರುವ ಸ್ಟೇಷನರಿ ಅಂಗಡಿ ಸಿಗುತ್ತದೆ. ಕೊಂಡದ್ದನ್ನು ಅಲ್ಲೇ ಹರವಿಕೊಂಡು ನಾಲ್ಕು ಜನ ಕೂತು ಆಡಲು ಮೇಜು ಹಾಕಿಟ್ಟ ಅಂಗಡಿ ಅಪರೂಪ. ಪರದೇಶಗಳಲ್ಲಿ ಅಂಥ ಅಂಗಡಿಗಳು ಒಂಟಿ ಜನರಿಗೆ ಕೂಡುವ ತಾಣವಾಗಿವೆ. ನಮ್ಮ ತಾಲ್ಲೂಕು ಕೇಂದ್ರಗಳಿಗೂ ಅವು ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗೆಂದ ಕೂಡಲೇ ಎದುರು ಬರುವ ಕೆಲವು ಮಾತುಗಳಿಗೆ ಇಲ್ಲಿ ಉತ್ತರ ಕೊಡುತ್ತಿದ್ದೇನೆ.

ತಪ್ಪು ಕಲ್ಪನೆ: ಒಂಟಿತನ ಅನ್ನೋದು ಸಿಟಿಯವರ, ಸಿರಿವಂತ ದೇಶಗಳ ಕಾಯಿಲೆ. ಹಳ್ಳಿಯಲ್ಲಿ ಯಾರು ಒಂಟಿ?

ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್ 30ರಂದು ಪ್ರಕಟಿಸಿದ ವರದಿಯ ಲೆಕ್ಕ ಇದಕ್ಕೆ ತದ್ವಿರುದ್ಧವಾಗಿದೆ. ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ. ಕಡಿಮೆ ಆದಾಯದ ದೇಶಗಳಲ್ಲಿ ಅದು ಸುಮಾರು ಶೇ 24, ಸಿರಿವಂತ ದೇಶಗಳಲ್ಲಿ ಸುಮಾರು ಶೇ 11. ಮುದುಕರಿಗಷ್ಟೇ ಅಂಟಿದ್ದು ಎಂಬುದೂ ನಿಜವಲ್ಲ: 13ರಿಂದ 29 ವರ್ಷದವರಲ್ಲಿ ಶೇ 17ರಿಂದ 21 ಮಂದಿ ತಾವು ಒಂಟಿ ಎಂದಿದ್ದಾರೆ. ಹದಿಹರೆಯದವರಲ್ಲೇ ಹೆಚ್ಚು.

ಆ ಆಯೋಗದ ಸಹ ಅಧ್ಯಕ್ಷರಲ್ಲಿ ಒಬ್ಬರು ಡಾ. ವಿವೇಕ್ ಮೂರ್ತಿ. ಅವರ ಮನೆತನದ ಬೇರು ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯಲ್ಲಿದೆ. ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಅವರು ಒಂದು ಎಚ್ಚರಿಕೆ ಕೊಟ್ಟರು: ಜನರ ನಂಟು ಕಡಿದುಹೋದರೆ ಆಯಸ್ಸಿಗೆ ತಟ್ಟುವ ಪೆಟ್ಟು ದಿನಕ್ಕೆ 15 ಸಿಗರೇಟು ಸೇದಿದಷ್ಟು. ಹೊಗೆಸೊಪ್ಪು ಬೆಳೆದು, ರಾತ್ರಿಯೆಲ್ಲ ಅದನ್ನು ಒಣಗಿಸುವ ಬ್ಯಾರನ್‌ಗೆ ಸೌದೆ ಹಾಕುತ್ತ ಬದುಕುವ ಹುಣಸೂರು, ಪಿರಿಯಾಪಟ್ಟಣದವರಿಗೆ ಈ ಲೆಕ್ಕ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಓದಿದ ಮಕ್ಕಳು ಮೈಸೂರು, ಬೆಂಗಳೂರು ಸೇರಿದ್ದಾರೆ. ಎಚ್.ಡಿ. ಕೋಟೆಯ ಕಡೆಯವರು ಕೂಲಿಗೆ ಕೊಡಗಿನ ತೋಟಗಳಿಗೆ, ಕೇರಳಕ್ಕೆ ಹೋಗುತ್ತಾರೆ. ಮನೆಯಲ್ಲಿ ಉಳಿದವರ ಜೊತೆ ಸಂಜೆ ಮಾತಾಡಲು ಟಿ.ವಿ. ಒಂದೇ.

ತಪ್ಪು ಕಲ್ಪನೆ: ಅರಳಿಕಟ್ಟೆ ಇರುವಾಗ ಅಂಗಡಿ ಯಾಕೆ?

ಎಲ್ಲಕ್ಕಿಂತ ಗೌರವದಿಂದ ಕೇಳಬೇಕಾದ ಮಾತು ಇದು. ಇದರಲ್ಲಿ ಅರ್ಧ ನಿಜವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರ ತಮ್ಮ ಪುಸ್ತಕದಲ್ಲಿ ಮನೆಯೂ ಅಲ್ಲದ, ದುಡಿಯುವ ಜಾಗವೂ ಅಲ್ಲದ ಮೂರನೆಯ ತಾಣ ಮನುಷ್ಯನಿಗೆ ಬೇಕು ಎಂದರು. ನಮ್ಮಲ್ಲಿ ಅದು ಅವರು ಬರೆಯುವ ಮೊದಲೇ ಇತ್ತು. ಕಟ್ಟೆಯ ಕಲ್ಲಿನ ಮೇಲೆ ಹುಲಿ ಕುರಿ ಆಟದ ಗೆರೆ ಕೊರೆದವರು ಅದನ್ನು ಒಂದು ದಿನಕ್ಕೆಂದು ಕೊರೆಯಲಿಲ್ಲ. ಮೂರು ಹುಲಿಯನ್ನು ಹದಿನೈದು ಕುರಿ ಕಟ್ಟಿಹಾಕುವುದನ್ನು ನೋಡಲು ಆಡುವವರಿಗಿಂತ ಹೆಚ್ಚು ಜನ ಸುತ್ತ ಸೇರುತ್ತಿದ್ದರು.

ಆದರೆ ಕಟ್ಟೆ ಯಾರದ್ದು? ಹೆಣ್ಣುಮಕ್ಕಳು ಅಲ್ಲಿ ಕೂತು ಆಡಿದ್ದನ್ನು ಕಂಡವರು ಎಷ್ಟು ಮಂದಿ? ಅವರ ಅಳಗುಳಿಮಣೆ ಒಳಮನೆಯಲ್ಲಿ, ಹೆಚ್ಚೆಂದರೆ ಜಗಲಿಯಲ್ಲಿ, ಹುಣಸೆ ಬೀಜದ ಸದ್ದಿನಷ್ಟಕ್ಕೇ ಉಳಿಯಿತು. ಎಷ್ಟೋ ಊರುಗಳಲ್ಲಿ ದಲಿತರು ಕಟ್ಟೆ ಹತ್ತುವಂತಿರಲಿಲ್ಲ. ಕಾಡಿನಿಂದ ಹೊರಬಂದ ಜೇನುಕುರುಬ ಹುಡುಗ ಪೇಟೆಯ ಕಟ್ಟೆಯ ಮೇಲೆ ಸರಾಗವಾಗಿ ಕೂರಬಲ್ಲನೇ? ಯಾವ ಕಟ್ಟೆಯಲ್ಲಿ ಯಾರು ಕೂರಬೇಕು ಎಂಬುದನ್ನು ಊರು ಯಾವತ್ತೋ ತೀರ್ಮಾನಿಸಿಬಿಟ್ಟಿದೆ.

ಅಂಗಡಿಗೆ ಆ ಹಳೇ ಹಕ್ಕುದಾರಿಕೆಯ ಹೊರೆ ಇರಬೇಕಿಲ್ಲ. ಹತ್ತು ರೂಪಾಯಿಯ ಟೀ ಕುಡಿದವರೆಲ್ಲ ಅಲ್ಲಿ ಗಿರಾಕಿಗಳು, ಮೇಜು ಖಾಲಿಯಿದ್ದರೆ ಯಾರು ಬೇಕಾದರೂ ಕೂರಬಹುದು. ಬಾಗಿಲಲ್ಲಿ ನಿಂತು ಹಿಂಜರಿಯುವವರನ್ನು ಕರೆದು, ‘ಇವರ ಜೊತೆ ಒಂದು ಆಟ ಆಡಿ’ ಎಂದು ಕೂರಿಸಲು ಅಂಗಡಿಯವರಿದ್ದಾರೆ. ಹೊರದೇಶಗಳ ಆಟದ ಅಂಗಡಿಗಳು ಒಂಟಿತನ ತಗ್ಗಿಸಿದ್ದರೆ ಅದಕ್ಕೆ ಈ ಕರೆಯುವ ಮನುಷ್ಯ, ವಾರದ ಗೊತ್ತಾದ ದಿನ, ಗೊತ್ತಾದ ಹೊತ್ತು ಕಾರಣ. 1993ರಲ್ಲಿ ಬಂದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡಿನ ಆಟ ಶುಕ್ರವಾರದ ರಾತ್ರಿ ಅಂಗಡಿಗಳಲ್ಲಿ ಜನ ಸೇರುವ ರೂಢಿಯನ್ನೇ ಬೆಳೆಸಿತು. ನಮ್ಮಲ್ಲಿ ಸಂತೆಯ ದಿನ ಆಗಬಹುದು. ಹೇಗಿದ್ದರೂ ಜನ ಪೇಟೆಗೆ ಬಂದಿರುತ್ತಾರೆ. ಹೆಂಗಸರಿಗೆಂದೇ ಒಂದು ಮಧ್ಯಾಹ್ನ ಮೀಸಲಿಡಬಹುದು. ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ ಬಂದವರು ಕಂತು ಕಟ್ಟಿದ ಮೇಲೆ ಅರ್ಧ ಗಂಟೆ ಕವಡೆ ಹಾಕಿದರೆ ಯಾರ ಗಂಟೂ ಹೋಗುವುದಿಲ್ಲ.

ತಪ್ಪು ಕಲ್ಪನೆ: ಆಟಕ್ಕೆಂದು ಜನ ಸೇರಿದ ಕಡೆ ಇಸ್ಪೀಟು, ಬಾಜಿ ಬಂದೇ ಬರುತ್ತದೆ.

ಈ ಭಯಕ್ಕೆ ಕಾರಣವಿದೆ. ಯುಗಾದಿ ಬಂತೆಂದರೆ ನಮ್ಮ ಸೀಮೆಯಲ್ಲಿ ಹಣ ಕಟ್ಟಿ ಆಡುವುದು ಸಂಪ್ರದಾಯವೆಂಬ ಹೆಸರಿನಲ್ಲಿ ನಡೆದುಬಂದಿದೆ. ಬೆಳೆಯ ದುಡ್ಡು ಕೈಗೆ ಬಂದ ತಿಂಗಳಲ್ಲಿ ಕ್ಲಬ್ಬಿನ ಮೇಜಿನ ಮೇಲೆ ಅದು ಕರಗಿದ ಸಂಸಾರಗಳ ಹೆಂಗಸರಿಗೆ ‘ಆಟದ ಅಂಗಡಿ’ ಎಂದರೆ ಎದೆ ನಡುಗುವುದು ಸಹಜ. ಅವರ ಮುಂದೆ ಹಗುರವಾಗಿ ಮಾತಾಡಬಾರದು.

ಕಾನೂನು ಎಳೆದಿರುವ ಗೆರೆ ಸ್ಪಷ್ಟವಾಗಿದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಅಪರಾಧವೆನ್ನುವುದು ಪಣ ಕಟ್ಟಿ ಆಡುವುದನ್ನು. ಸುಮ್ಮನೆ ಚೌಕಾಬಾರ, ಚೆಸ್ಸು, ಕ್ಯಾರಂ ಆಡುವುದನ್ನಲ್ಲ. ರಮ್ಮಿಯಲ್ಲಿ ಕೌಶಲವೇ ಮುಖ್ಯ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿದ್ದನ್ನು ಕ್ಲಬ್ಬಿನವರು ಆಗಾಗ ಎತ್ತಿ ತೋರಿಸುತ್ತಾರೆ. ಪಣದ ಆಟದಿಂದ ಮನೆಯೊಡೆಯನೋ ಕ್ಲಬ್ಬೋ ಲಾಭ ಮಾಡಿಕೊಂಡರೆ ಅಪರಾಧವಾಗಬಹುದು ಎಂದು ಅದೇ ತೀರ್ಪು ಹೇಳಿದ್ದನ್ನು ಮರೆಯುತ್ತಾರೆ. ನನ್ನ ಪ್ರಕಾರ ಆಟದ ಅಂಗಡಿ ಕಾನೂನಿಗಿಂತ ಬಿಗಿಯಾಗಿರಬೇಕು: ಇಸ್ಪೀಟಿನ ಎಲೆಯನ್ನೇ ಇಡಬಾರದು, ಒಂದು ರೂಪಾಯಿಯ ಬಾಜಿಗೂ ಜಾಗ ಕೊಡಬಾರದು, ಒಳಗಿನ ಮೇಜು ಬೀದಿಯಿಂದ ಕಾಣುವಂತಿರಬೇಕು. ದುಡ್ಡು ನಡುವೆ ಬಂದರೆ ಎದುರು ಕೂತವನು ಗೆಳೆಯನಾಗಿ ಉಳಿಯುವುದಿಲ್ಲ.

ತಪ್ಪು ಕಲ್ಪನೆ: ಮೊಬೈಲಿನಲ್ಲೇ ಲೂಡೋ ಇದೆ, ಸಾಕು.

2020ರ ಲಾಕ್‌ಡೌನಿನಲ್ಲಿ ಲೂಡೋ ಕಿಂಗ್ ಮನೆಮನೆ ಮುಟ್ಟಿತು. ದೂರದವರನ್ನು ಒಂದು ಆಟದಲ್ಲಿ ಹಿಡಿದಿಟ್ಟಿತು. ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಚೌಕಾಬಾರದಲ್ಲಿ ನಾಲ್ಕು ಕವಡೆ ಅಂಗಾತ ಬಿದ್ದು ‘ಚೌಕ’ ಎಂದು ಕೂಗುವಾಗ, ನಾಲ್ಕೂ ಬೋರಲಾಗಿ ‘ಬಾರ’ ಬಿದ್ದು ಎಂಟು ಮನೆ ಜಿಗಿಯುವಾಗ, ಹಣ್ಣಾಗಲು ಒಂದೇ ಮನೆ ಇದ್ದ ಕಾಯಿಯನ್ನು ಯಾರೋ ಹೊಡೆದಾಗ ಏಳುವ ಗಲಾಟೆ ಪರದೆಯ ಮೇಲೆ ಇಲ್ಲ. ತನ್ನ ಸರದಿಗೆ ಕಾಯುವ ಬಿಡುವಿನಲ್ಲೇ ‘ಮಗಳ ಫೋನ್ ಬಂತಾ?’, ‘ಮಂಡಿನೋವು ಹೇಗಿದೆ?’ ಎಂಬ ಮಾತು ಹೊರಡುವುದು. ಮೊಬೈಲ್ ಆಟ ಆ ಬಿಡುವಿಗೆ ಜಾಹೀರಾತು ತುಂಬುತ್ತದೆ. ಹಣದ ಆ್ಯಪುಗಳಂತೂ ಎಷ್ಟು ಮನೆ ಹಾಳು ಮಾಡಿದವೆಂದರೆ, 2025ರಲ್ಲಿ ಕೇಂದ್ರ ಸರ್ಕಾರ ಕಾಯ್ದೆ ತಂದು ಅವನ್ನು ನಿಷೇಧಿಸಬೇಕಾಯಿತು.

ತಪ್ಪು ಕಲ್ಪನೆ: ಬೋರ್ಡ್ ಗೇಮ್ ಬೆಂಗಳೂರಿನ ಕೆಫೆಗಳ ಶೋಕಿ.

ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯ ಮೇಲಿನ ಆಟದ ಚಿತ್ರಗಳನ್ನು ನೋಡಿದವರು ಹೀಗೆನ್ನಲಾರರು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಆಟಗಳನ್ನು ಕಟ್ಟಿದವರು. ತಮ್ಮ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳಿಗೂ ಜಾಗ ಕೊಟ್ಟರು. ಆ ಪರಂಪರೆಯನ್ನು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಮತ್ತೆ ಜನರ ಕೈಗೆ ಕೊಟ್ಟಿದೆ. ಶಿವರಾತ್ರಿಯ ಜಾಗರಣೆಗೆ ಪಗಡೆ ಹಾಸು ಬಿಚ್ಚಿದ ಅಜ್ಜಿಯಂದಿರ ಸೀಮೆ ಇದು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ನೆಲೆಸಿದ ಟಿಬೆಟನ್ನರದ್ದೂ ಇಂಥದ್ದೊಂದು ಆಟವಿದೆ, ಹೆಸರು ಶೋ. ಮರದ ಬಟ್ಟಲಲ್ಲಿ ಎರಡು ದಾಳ ಕುಲುಕಿ, ಚರ್ಮದ ಮೆತ್ತೆಯ ಮೇಲೆ ಬಡಿದು, ಬೇಕಾದ ಸಂಖ್ಯೆಯನ್ನು ಕೂಗಿ ಕರೆಯುತ್ತಾರೆ. ಕಪ್ಪೆಚಿಪ್ಪಿನ ಸಾಲು ಎಣಿಸುತ್ತ ಕಾಯಿ ಮುಂದೆ ಹೋಗುತ್ತದೆ. ಅಲ್ಲಿಯ ಯುವಕರೂ ಹೊರದೇಶ ಸೇರುತ್ತಿದ್ದಾರೆ, ಹಿರಿಯರು ಉಳಿದಿದ್ದಾರೆ. ಅರವತ್ತು ವರ್ಷಕ್ಕೂ ಮಿಕ್ಕಿ ನೆರೆಯಲ್ಲಿದ್ದೂ ನಾವು ಬೈಲಕುಪ್ಪೆಗೆ ಚಿನ್ನದ ಬುದ್ಧನನ್ನು ನೋಡಲು ಹೋಗುತ್ತೇವೆಯೇ ಹೊರತು ಅವರೊಡನೆ ಕೂತು ಒಂದು ಆಟ ಕಲಿತದ್ದು ಕಡಿಮೆ. ನನಗೆ ಇದು ನಿಜವಾದ ನಷ್ಟವಾಗಿ ಕಾಣುತ್ತದೆ.

ತಪ್ಪು ಕಲ್ಪನೆ: ಇಂಥ ಅಂಗಡಿ ತಾಲ್ಲೂಕಿನಲ್ಲಿ ನಡೆಯುವುದಿಲ್ಲ.

ಆಟ ಮಾರುವುದನ್ನೇ ನಂಬಿದರೆ ನಡೆಯುವುದಿಲ್ಲ. ಜೆರಾಕ್ಸು, ಪುಸ್ತಕ, ಟೀ ಮಾರುವ ಅಂಗಡಿಯ ಹಿಂಬದಿಗೆ ಎರಡು ಮೇಜು ಹಾಕಿದರೆ ನಡೆಯಬಹುದು. ಚೌಕಾಬಾರಕ್ಕೆ ಸೀಮೆಸುಣ್ಣ, ಕವಡೆ ಸಾಕು. ಅಂಗಡಿಯೇ ಬರದ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿವೆ. ಮಕ್ಕಳಿಗೆ ತೆರೆದ ಆ ಬಾಗಿಲು ಸಂಜೆ ಎರಡು ಗಂಟೆ ಅಜ್ಜ ಅಜ್ಜಿಯರಿಗೂ ತೆರೆದರೆ ಮೊಮ್ಮಕ್ಕಳಿಗೆ ಆಟ ಕಲಿಸುವವರೂ ಸಿಗುತ್ತಾರೆ.

ತಪ್ಪು ಕಲ್ಪನೆ: ನಾಲ್ಕು ಆಟ ಆಡಿದರೆ ಮನಸ್ಸಿನ ಕಾಯಿಲೆ ತಾನೇ ಹೋಗುತ್ತದೆ.

ಹೋಗುವುದಿಲ್ಲ. ಖಿನ್ನತೆಗೆ ವೈದ್ಯರೇ ಬೇಕು. ಆದರೆ ವಾರವಾರ ಬರುತ್ತಿದ್ದವರು ಎರಡು ವಾರ ಬಾರದಿದ್ದರೆ ಮೊದಲು ಗಮನಿಸುವವರು ಅಂಗಡಿಯವರೇ ಆಗಿರಬಹುದು. ಅವರು ಮನೆಗೆ ಹೋಗಿ ವಿಚಾರಿಸಿ ಬರಬಹುದು, ತಾಲ್ಲೂಕು ಆಸ್ಪತ್ರೆಗೆ ಜೊತೆಯಾಗಿ ಕರೆದೊಯ್ಯಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆಟದ ನಿಯಮ ಬರೆದ ಹಲಗೆಯ ಪಕ್ಕದಲ್ಲೇ ಆ ಸಂಖ್ಯೆಯನ್ನೂ ದಪ್ಪ ಅಕ್ಷರದಲ್ಲಿ ಬರೆಸಬೇಕು.