ಬಚ್ಚಲಿನ ಬಿಸಿನೀರು: ದುಡ್ಡಿನ ಲೆಕ್ಕಕ್ಕೂ ಮುಂಚೆ ಗಾಳಿಯ ಲೆಕ್ಕ

ಕಳೆದ ಡಿಸೆಂಬರಿನ ಒಂದು ಬೆಳಗ್ಗೆ. ಸುಬ್‌ಹಿ ನಮಾಝಿಗೆ ಇನ್ನೂ ಅರ್ಧ ಗಂಟೆ ಇತ್ತು. ಫೋನ್ ಬಂತು. ‘ಉಸ್ತಾದ್, ಎಂತ ಆಯ್ತು ಗೊತ್ತಿಲ್ಲ. ಅವನು ಬಾತ್‌ರೂಮಿನಲ್ಲಿದ್ದಾನೆ, ಕರೆದರೆ ಮಾತಾಡ್ತಾ ಇಲ್ಲ, ಬಾಗಿಲೂ ತೆಗೀತಾ ಇಲ್ಲ’ ಅಂತ ಹುಡುಗ ಅಳುವ ಸ್ವರದಲ್ಲಿ ಹೇಳಿದ.

ವೈಟ್‌ಫೀಲ್ಡಿನ ಇಮ್ಮಡಿಹಳ್ಳಿ ಕಡೆ ಒಂದು ಬಾಡಿಗೆ ಮನೆ. ನಮ್ಮ ಊರಿನ ನಾಲ್ಕು ಹುಡುಗರು. ಇಬ್ಬರು ಅಂಗಡಿಯಲ್ಲಿ, ಒಬ್ಬ ಕಂಪೆನಿಯಲ್ಲಿ, ಇನ್ನೊಬ್ಬ ಕಲಿಯುವವನು. ನಾನು ಓಡಿ ಹೋಗುವಷ್ಟರಲ್ಲಿ ಪಕ್ಕದ ಮನೆಯವರು ಬಾಗಿಲು ಒಡೆದಿದ್ದರು. ಹುಡುಗ ನೆಲದಲ್ಲಿ ಬಿದ್ದಿದ್ದ. ಬಕೆಟ್ ತುಂಬಿ ನೀರು ಹರಿಯುತ್ತಾ ಇತ್ತು. ಗೋಡೆಯ ಮೇಲೆ ಗ್ಯಾಸ್ ಗೀಸರ್ ಇನ್ನೂ ಉರಿಯುತ್ತಾ ಇತ್ತು. ಅಲ್‌ಹಂದುಲಿಲ್ಲಾಹ್, ಹೊರಗಿನ ಗಾಳಿಗೆ ತಂದು, ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟ ಮೇಲೆ ಹುಡುಗ ಉಳಿದ. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂತ ಡಾಕ್ಟರ್ ಹೇಳಿದರು.

ಮೂರು ದಿನ ಆದ ಮೇಲೆ ಅವನ ಉಮ್ಮ ವಿಟ್ಲದಿಂದ ಫೋನ್ ಮಾಡಿದರು. ‘ಉಸ್ತಾದರೇ, ನಾವು ಇಲ್ಲಿ ಹುಟ್ಟಿದಾಗಿನಿಂದ ಹಂಡೆಗೆ ಬೆಂಕಿ ಹಾಕಿ ಬಿಸಿನೀರು ಸ್ನಾನ ಮಾಡಿದವರು. ಹೊಗೆಯಲ್ಲೇ ಬೆಳೆದವರು. ನಮಗೆ ಏನೂ ಆಗಲಿಲ್ಲ. ಅಲ್ಲಿ ಹೊಗೆಯೇ ಇಲ್ಲದ ಬೆಂಕಿಗೆ ಹೀಗೆ ಹೇಗೆ ಆಯ್ತು?’

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಬೆಂಗಳೂರಿನಲ್ಲಿ ಗ್ಯಾಸ್ ಗೀಸರಿನಿಂದ ಸತ್ತವರ ಸುದ್ದಿ ಪತ್ರಿಕೆಯಲ್ಲಿ ಬರುವುದು ಇದು ಹೊಸತಲ್ಲ. ಪ್ರತಿ ಬಾರಿ ಓದುತ್ತೇವೆ, ಇನ್ನಾಲಿಲ್ಲಾಹ್ ಹೇಳುತ್ತೇವೆ, ಮರೆಯುತ್ತೇವೆ. ಹಾಗಾಗಿ ಗೊತ್ತಿರುವ ಎಂಜಿನಿಯರುಗಳನ್ನು, ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಂಡೆಗೂ ಗೀಸರಿಗೂ ಏನು ವ್ಯತ್ಯಾಸ?

ಊರಿನ ಬಚ್ಚಲು ನೆನಪು ಮಾಡಿಕೊಳ್ಳಿ. ಮನೆಯಿಂದ ಸ್ವಲ್ಪ ಆಚೆ, ಹಂಚಿನ ಮಾಡು, ಮಾಡಿಗೂ ಗೋಡೆಗೂ ನಡುವೆ ಕೈ ಹೋಗುವಷ್ಟು ಸಂದು. ಒಲೆಯ ಬಾಯಿ ಹೆಚ್ಚಾಗಿ ಹೊರಗಡೆಗೆ. ಮಡಲು, ಕೊತ್ತಳಿಗೆ, ತೆಂಗಿನ ಸಿಪ್ಪೆ ಉರಿಯುವುದು ಹೊರಗೆ, ಸ್ನಾನ ಮಾಡುವವ ಒಳಗೆ. ಹೊಗೆ ಬಂದರೆ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ಮನುಷ್ಯ ತಾನಾಗಿ ಹೊರಗೆ ಓಡುತ್ತಾನೆ.

ಇಲ್ಲಿಯ ಬಾತ್‌ರೂಮು? ನಾಲ್ಕು ಅಡಿ, ಆರು ಅಡಿ. ಮೇಲೆ ಕಾಂಕ್ರೀಟ್. ಚಳಿ ಬರುತ್ತದೆ ಅಂತ ಇದ್ದ ಒಂದು ವೆಂಟಿಲೇಟರಿಗೂ ರಟ್ಟು ಅಂಟಿಸಿರುತ್ತೇವೆ. ಅದರೊಳಗೆ ಗ್ಯಾಸ್ ಬೆಂಕಿ. ಅಂದರೆ ಬೆಂಕಿ ಬದಲಾದದ್ದಲ್ಲ, ಕೋಣೆ ಬದಲಾಯಿತು. ಒಲೆಯೊಳಗೇ ಕುಳಿತು ಸ್ನಾನ ಮಾಡಿದ ಹಾಗೆ.

ಯಾವ ಬೆಂಕಿಗೂ ಉರಿಯಲು ಆಮ್ಲಜನಕ ಬೇಕು. ಮುಚ್ಚಿದ ಕೋಣೆಯಲ್ಲಿ ಅದು ಕಡಿಮೆಯಾಗುತ್ತಾ ಹೋದ ಹಾಗೆ ಗ್ಯಾಸ್ ಸರಿಯಾಗಿ ಉರಿಯುವುದಿಲ್ಲ. ಆಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಲೀಕಾದರೆ ನಮಗೆ ವಾಸನೆ ಬರುವುದು, ವಾಸನೆ ಬರಲಿ ಅಂತಲೇ ಅದಕ್ಕೆ ಬೇರೆ ವಸ್ತು ಬೆರೆಸಿರುವುದರಿಂದ. ಕಾರ್ಬನ್ ಮಾನಾಕ್ಸೈಡಿಗೆ ಹಾಗೆ ಎಚ್ಚರಿಕೆ ಕೊಡುವವರು ಯಾರೂ ಇಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆ ಸುತ್ತು, ವಾಕರಿಕೆ. ಆಮೇಲೆ ಕೈಕಾಲಿನ ಶಕ್ತಿ ಹೋಗುತ್ತದೆ. ಬಾಗಿಲು ತೆಗೆಯಬೇಕು ಅಂತ ಗೊತ್ತಿದ್ದರೂ ಚಿಲಕದವರೆಗೆ ಕೈ ಎತ್ತಲು ಆಗುವುದಿಲ್ಲ.

ಒಂದು ವಿಷಯ ಗಮನಿಸಿ. ನಮ್ಮ ಹುಡುಗ ಅವತ್ತು ಸ್ನಾನಕ್ಕೆ ಹೋದ ನಾಲ್ಕನೆಯವ. ಮೊದಲಿನ ಮೂವರು ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿ ಬಂದಿದ್ದರು. ಮೂರನೆಯವನಿಗೆ ‘ಸ್ವಲ್ಪ ತಲೆ ಭಾರ’ ಆಗಿತ್ತಂತೆ, ನಿದ್ದೆ ಸಾಕಾಗಲಿಲ್ಲ ಅಂತ ಸುಮ್ಮನಾಗಿದ್ದ. ‘ಐದು ವರ್ಷದಿಂದ ಇದೆ, ಏನೂ ಆಗಿಲ್ಲ’ ಅಂತ ಮನೆ ಓನರ್ ಹೇಳಿದರು. ನಿಜವೇ. ಐದು ವರ್ಷ ಒಬ್ಬೊಬ್ಬರೇ ಐದು ನಿಮಿಷ ಸ್ನಾನ ಮಾಡಿದ್ದರೆ ಏನೂ ಆಗಿರಲಿಕ್ಕಿಲ್ಲ. ನಾಲ್ಕು ಜನ ಸಾಲಾಗಿ ಹೋದ ದಿನ ಆಯಿತು.

ಗ್ಯಾಸ್ ಗೀಸರ್ ಇಟ್ಟುಕೊಳ್ಳಲೇಬೇಕೆಂದಿದ್ದರೆ ಅದರ ಜಾಗ ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಯುಟಿಲಿಟಿಯಲ್ಲಿ. ಪೈಪಿನಲ್ಲಿ ಬಿಸಿನೀರು ಮಾತ್ರ ಒಳಗೆ ಬರಲಿ. ಸಿಲಿಂಡರ್ ಎಂದೂ ಒಳಗೆ ಬೇಡ. ಐಎಸ್ 15558 ಎಂಬ ಗುರುತು ಇದೆಯಾ ನೋಡಿ. ಜ್ವಾಲೆ ನೀಲಿ ಇರಬೇಕು. ಹಳದಿಯಾದರೆ, ಮಸಿ ಹಿಡಿದರೆ ಅವತ್ತೇ ನಿಲ್ಲಿಸಿ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂಬ ಧೈರ್ಯ ಸಾಲದು. ಹೊಸ ಗಾಳಿ ಒಳಗೆ ಬರಲು ಕೆಳಗೆ ದಾರಿ ಇಲ್ಲದಿದ್ದರೆ ಫ್ಯಾನ್ ತಿರುಗಿ ಪ್ರಯೋಜನ ಇಲ್ಲ. ಬಾತ್‌ರೂಮಿನ ಒಳಗಲ್ಲದೆ ಬೇರೆ ಜಾಗವೇ ಇಲ್ಲ ಅಂತಾದರೆ ಗ್ಯಾಸ್ ಗೀಸರ್ ಬೇಡವೇ ಬೇಡ.

ಕರೆಂಟಿನದ್ದು ತರುವಾಗ

ಬಾಡಿಗೆ ಮನೆಯಲ್ಲಿರುವ ಹೆಚ್ಚಿನವರಿಗೆ ಸರಿ ಹೋಗುವುದು ಕರೆಂಟಿನ ಗೀಸರ್. ‘ಬಿಲ್ ಜಾಸ್ತಿ ಬರುತ್ತದೆ ಉಸ್ತಾದ್, ಗೃಹಜ್ಯೋತಿ ಹೋಗ್ತದೆ’ ಅಂತ ಹೇಳುತ್ತಾರೆ. ಲೆಕ್ಕ ಮಾಡೋಣ. 2 ಕಿಲೋವ್ಯಾಟಿನ ಗೀಸರ್ ಒಂದು ಗಂಟೆ ಉರಿದರೆ 2 ಯೂನಿಟ್. ದಿನಕ್ಕೆ ಒಂದೂವರೆ ಗಂಟೆ ಅಂದರೆ 3 ಯೂನಿಟ್, ತಿಂಗಳಿಗೆ 90. ಗೃಹಜ್ಯೋತಿಯ ಮಿತಿ 200 ಯೂನಿಟ್. ಅದರಲ್ಲೂ ನಮಗೆ ಸಿಗುವುದು ಹಿಂದಿನ ಸರಾಸರಿ ಬಳಕೆಗಿಂತ ಸ್ವಲ್ಪ ಹೆಚ್ಚು ಮಾತ್ರ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ಭಯ ಸುಳ್ಳಲ್ಲ. ಆದರೆ ಸ್ವಿಚ್ ಹಾಕಿಟ್ಟು ಮಲಗುವ ಅಭ್ಯಾಸ ಬಿಟ್ಟರೆ ಕರೆಂಟ್ ಉಳಿಯುತ್ತದೆ. 15 ಲೀಟರ್ ನೀರನ್ನು 25 ಡಿಗ್ರಿ ಹೆಚ್ಚು ಬಿಸಿ ಮಾಡಲು ಅರ್ಧ ಯೂನಿಟಿಗಿಂತ ಕಡಿಮೆ ಸಾಕು. ಸ್ನಾನಕ್ಕೆ ಕಾಲು ಗಂಟೆ ಮೊದಲು ಹಾಕಿ, ಆಫ್ ಮಾಡಿ ಒಳಗೆ ಹೋಗಿ. ಶಾಕಿನ ಭಯವೂ ಇಲ್ಲ.

ಮೂರು ನಾಲ್ಕು ಜನರ ಮನೆಗೆ 15 ಲೀಟರ್ ಸಾಕು. ದೊಡ್ಡ ಕುಟುಂಬಕ್ಕೆ 25. 3 ಲೀಟರಿನ ಇನ್‌ಸ್ಟಂಟ್ ಅಡುಗೆಮನೆಗೆ, ಕೈಕಾಲು ತೊಳೆಯಲಿಕ್ಕೆ ಸರಿ. ಅದರಲ್ಲಿ ಮನೆಮಂದಿಯೆಲ್ಲ ಸ್ನಾನ ಮಾಡುತ್ತೇವೆ ಅಂದರೆ ಜಗಳವೇ ಗತಿ. ಐಎಸ್‌ಐ ಗುರುತು, ಬಿಇಇಯ ಸ್ಟಾರ್ ಎರಡೂ ನೋಡಿ. ಸ್ಟಾರ್ ಜಾಸ್ತಿ ಇದ್ದರೆ ಒಳಗಿನ ಬಿಸಿ ಬೇಗ ಆರುವುದಿಲ್ಲ. 16 ಆಂಪ್ ಪ್ಲಗ್, ಸರಿಯಾದ ಅರ್ಥಿಂಗ್, ಎಂಸಿಬಿ ಇಲ್ಲದ ಮನೆಯಲ್ಲಿ ಗೀಸರಿಗಿಂತ ಮೊದಲು ಎಲೆಕ್ಟ್ರಿಷಿಯನ್ ಬರಲಿ.

ಬಕೆಟಿಗೆ ಹಾಕುವ ಕಾಯಿಲ್ ಬಗ್ಗೆ ಒಂದು ಮಾತು. ಪಿಜಿಯಲ್ಲಿರುವ ಮಕ್ಕಳು ಅದನ್ನೇ ನಂಬಿದ್ದಾರೆ. ನೀರಿನೊಳಗೆ ಇಟ್ಟ ಮೇಲೆ ಸ್ವಿಚ್ ಹಾಕಬೇಕು, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು. ‘ಬಿಸಿಯಾಯ್ತಾ ನೋಡುತ್ತೇನೆ’ ಅಂತ ಬೆರಳು ಅದ್ದುವುದು ಜೀವದ ಜೊತೆ ಆಟ.

ಬದಲಿಸಬೇಕಾ, ರಿಪೇರಿ ಸಾಕಾ?

ವೈಟ್‌ಫೀಲ್ಡ್, ಕಾಡುಗೋಡಿ, ವರ್ತೂರು ಕಡೆ ಬಹಳ ವರ್ಷ ನಾವು ಬದುಕಿದ್ದು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನಲ್ಲಿ. 2024ರ ಬೇಸಿಗೆಯಲ್ಲಿ ಪಟ್ಟ ಕಷ್ಟ ಎಲ್ಲರಿಗೂ ನೆನಪಿದೆ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ 5ನೇ ಹಂತ ಶುರುವಾದರೂ ಎಷ್ಟೋ ಮನೆಗಳಲ್ಲಿ ಈಗಲೂ ಟ್ಯಾಂಕರೇ. ಈ ನೀರು ಗಡಸು. ಬಿಸಿ ಮಾಡಿದಾಗ ಅದರಲ್ಲಿರುವ ಸುಣ್ಣ ಗೀಸರಿನ ಕಾಯಿಲಿಗೆ ಬಿಳಿ ಪದರವಾಗಿ ಅಂಟುತ್ತದೆ. ಮೊದಲು ಹತ್ತು ನಿಮಿಷಕ್ಕೆ ಕಾಯುತ್ತಿದ್ದ ನೀರಿಗೆ ಈಗ ಅರ್ಧ ಗಂಟೆ ಬೇಕು ಅಂತಾದರೆ ಕಾರಣ ಇದು. ಕರೆಂಟೂ ಹೋಗುತ್ತದೆ, ಕಾಯಿಲೂ ಸುಟ್ಟು ಹೋಗುತ್ತದೆ.

ಇದಕ್ಕೆ ಹೊಸ ಗೀಸರ್ ಬೇಕಾಗಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿಸಿ ಸುಣ್ಣ ತೆಗೆಸಿ. ಟ್ಯಾಂಕಿನೊಳಗೆ ಆನೋಡ್ ರಾಡ್ ಅಂತ ಒಂದು ಮೆಗ್ನೀಷಿಯಂ ಸರಳು ಇರುತ್ತದೆ. ಟ್ಯಾಂಕ್ ತುಕ್ಕು ಹಿಡಿಯುವ ಬದಲು ಅದು ಕರಗುತ್ತದೆ. ಗಡಸು ನೀರಿನಲ್ಲಿ ಬೇಗ ಮುಗಿಯುತ್ತದೆ. ಅದನ್ನು ಹಾಕಿಸಿದರೆ ಟ್ಯಾಂಕಿನ ಆಯುಷ್ಯ ಹೆಚ್ಚಾಗುತ್ತದೆ. ಕಾಯಿಲ್, ಥರ್ಮೋಸ್ಟಾಟ್, ವಾಲ್ವ್ ಕೂಡ ಬದಲಿಸಬಹುದಾದ ವಸ್ತುಗಳೇ.

ಆದರೆ ಟ್ಯಾಂಕಿನ ಹೊಟ್ಟೆಯಿಂದಲೇ ನೀರು ಸೋರುತ್ತಿದ್ದರೆ, ಬಿಸಿನೀರಿನಲ್ಲಿ ತುಕ್ಕಿನ ಬಣ್ಣ ನಿಲ್ಲದೆ ಬರುತ್ತಿದ್ದರೆ ಅದರ ಕಾಲ ಮುಗಿಯಿತು ಅಂತ ಅರ್ಥ. ನಲ್ಲಿ ಮುಟ್ಟಿದಾಗ ಕೈಗೆ ಜುಮ್ ಅಂದರೆ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಬರುವವರೆಗೆ ಮುಟ್ಟಬೇಡಿ. ಬಿಸಿ ಜಾಸ್ತಿಯಾದಾಗ ನೀರು ಹನಿಯುವ ಸೇಫ್ಟಿ ವಾಲ್ವನ್ನು ‘ಸೋರುತ್ತದೆ’ ಅಂತ ಬಂದ್ ಮಾಡುವವರಿದ್ದಾರೆ. ಒಳಗಿನ ಒತ್ತಡ ಹೊರ ಹೋಗುವ ದಾರಿ ಅದು. ಮುಚ್ಚಿದರೆ ಟ್ಯಾಂಕ್ ಸಿಡಿಯಬಹುದು.

ಸೋಲಾರ್ ನೀರಿನಲ್ಲಿ ವುಳೂ?

ಸ್ವಂತ ಮನೆ ಕಟ್ಟಿದವರಿಗೆ ಸೋಲಾರ್ ಒಳ್ಳೆಯದು. 30-40 ಸೈಟಿನ ಹೊಸ ಮನೆಗೆ ಕರೆಂಟ್ ಕನೆಕ್ಷನ್ ಬೇಕಾದರೆ ಸೋಲಾರ್ ವಾಟರ್ ಹೀಟರ್ ಇರಬೇಕು ಅಂತ 2007ರ ಸುಮಾರಿಗೇ ನಿಯಮ ಬಂದಿದೆ. ನಮ್ಮವರಿಗೆ ಒಂದು ತೊಂದರೆ ಇದೆ. ಸುಬ್‌ಹಿಗೆ ಬೇಕಾದ ಬಿಸಿನೀರು ಹಿಂದಿನ ದಿನದ ಬಿಸಿಲಿನದ್ದು. ರಾತ್ರಿ ಅಂಗಡಿ ಮುಚ್ಚಿ ಬಂದವರೆಲ್ಲ ಸ್ನಾನ ಮಾಡಿದರೆ ಬೆಳಗ್ಗೆ ಬರುವುದು ತಣ್ಣೀರೇ. ಜನ ನೋಡಿ ಟ್ಯಾಂಕಿನ ಅಳತೆ ಆರಿಸಿ. ಟೆರೇಸಿನಿಂದ ಬಿಸಿನೀರು ಇಳಿಯುವ ಮೊದಲು ಬರುವ ತಣ್ಣೀರನ್ನು ಬಕೆಟಿನಲ್ಲಿ ಹಿಡಿದಿಡಿ. ಪ್ರವಾದಿಯವರು (ಸ.ಅ.) ಒಂದು ಮುದ್ದ್, ಅಂದರೆ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ವುಳೂ ಮಾಡುತ್ತಿದ್ದರು ಎಂದು ಮದ್ರಸದಲ್ಲಿ ಕಲಿಸಿ, ಮನೆಯಲ್ಲಿ ಬಕೆಟ್‌ಗಟ್ಟಲೆ ಚೆಲ್ಲಿದರೆ ಹೇಗೆ?

ಸೋಲಾರ್ ಅಂದ ಕೂಡಲೇ ಹಲವರು ಕೇಳುವ ಮಸ್ಅಲ ಒಂದಿದೆ. ಬಿಸಿಲಿನಲ್ಲಿ ಕಾದ ನೀರು ಕರಾಹತ್ ಅಲ್ವಾ? ಹೌದು, ಶಾಫಿಈ ಮದ್‌ಹಬಿನ ಅಬೂ ಶುಜಾಅ್ ಅವರ ಚಿಕ್ಕ ಗ್ರಂಥದಲ್ಲೇ ನೀರನ್ನು ನಾಲ್ಕು ವಿಧ ಮಾಡಿ, ಅದರಲ್ಲಿ ಬಿಸಿಲಿನಲ್ಲಿ ಕಾದ ನೀರನ್ನು ಶುದ್ಧ, ಆದರೆ ಕರಾಹತ್ ಎಂದು ಹೇಳಿದೆ. ಆದರೆ ವಿದ್ವಾಂಸರು ಅದಕ್ಕೆ ಷರತ್ತುಗಳನ್ನು ಇಟ್ಟಿದ್ದಾರೆ. ಸೆಕೆಯ ಪ್ರದೇಶ ಆಗಿರಬೇಕು, ಚಿನ್ನ ಬೆಳ್ಳಿಯಲ್ಲದ ಲೋಹದ ಪಾತ್ರೆ ಆಗಿರಬೇಕು, ಬಿಸಿ ಇರುವಾಗಲೇ ಮೈಗೆ ಬಳಸಬೇಕು. ಕಾರಣ ಚರ್ಮದ ರೋಗದ ಭಯ. ಇಮಾಂ ನವವಿಯವರು ಪುರಾವೆಯನ್ನು ಪರಿಶೀಲಿಸಿ, ಕರಾಹತ್ ಇಲ್ಲವೆಂಬ ಅಭಿಪ್ರಾಯವನ್ನೇ ಆರಿಸಿದ್ದಾರೆ. ಕರಾಹತ್ ಎಂದವರೂ ಆ ನೀರಿನ ವುಳೂ ಸಿಂಧು ಎಂದೇ ಹೇಳಿದ್ದು. ಆದ್ದರಿಂದ ಈ ಸಂಶಯಕ್ಕೆ ಸೋಲಾರ್ ಬಿಡಬೇಕಾಗಿಲ್ಲ.

ಇದಕ್ಕಿಂತ ಹೆಚ್ಚು ನೆನಪಿಡಬೇಕಾದದ್ದು ಇನ್ನೊಂದು. ಅತಿಯಾಗಿ ತಣ್ಣಗಿನ ನೀರು, ಅತಿಯಾಗಿ ಬಿಸಿಯಾದ ನೀರು, ಎರಡನ್ನೂ ವುಳೂವಿಗೆ ಬಳಸುವುದು ಕರಾಹತ್. ಅಂಗಗಳನ್ನು ಪೂರ್ಣವಾಗಿ ತೊಳೆಯಲು ಅದು ಬಿಡುವುದಿಲ್ಲ. ಚಳಿಯಲ್ಲಿ ನೀರು ಬೆಚ್ಚಗೆ ಮಾಡಿಕೊಳ್ಳುವುದು ಸೋಮಾರಿತನ ಅಲ್ಲ. ಆದರೆ ಆ ಬಿಸಿನೀರಿಗಾಗಿ ಜೀವವನ್ನು ಅಪಾಯಕ್ಕೆ ಒಡ್ಡಲು ದೀನ್ ಹೇಳಿಲ್ಲ. ತನಗೂ ಹಾನಿ ಮಾಡಿಕೊಳ್ಳಬಾರದು, ಇತರರಿಗೂ ಮಾಡಬಾರದು ಎಂಬುದು ನಮ್ಮ ಕರ್ಮಶಾಸ್ತ್ರದ ಮೂಲ ತತ್ವಗಳಲ್ಲಿ ಒಂದು. ಇದು ಮನೆ ಬಾಡಿಗೆಗೆ ಕೊಡುವ ನಮ್ಮವರಿಗೂ ಅನ್ವಯಿಸುತ್ತದೆ. ಗಾಳಿ ಇಲ್ಲದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ನೇತುಹಾಕಿ ಬಾಡಿಗೆ ತೆಗೆದುಕೊಳ್ಳುವುದು ಸರಿಯಲ್ಲ.

ಇವತ್ತೇ ಮಾಡಬಹುದಾದದ್ದು

ಆ ಘಟನೆಯ ನಂತರದ ಜುಮಾ ಮುಗಿಸಿ ನಾವು ಕೆಲವರು ನಮ್ಮ ಹುಡುಗರ ಕೋಣೆಗಳನ್ನು ನೋಡಲು ಹೋದೆವು. ಕೆಲವು ಕಡೆ ಅದೇ ಕಥೆ. ರಟ್ಟು ಅಂಟಿಸಿದ ವೆಂಟಿಲೇಟರ್, ಒಳಗೆ ಗ್ಯಾಸ್ ಗೀಸರ್. ರಟ್ಟು ತೆಗೆಯಲು ಐದು ನಿಮಿಷವೂ ಬೇಕಾಗಲಿಲ್ಲ. ಓನರುಗಳ ಹತ್ತಿರ ಮಾತಾಡಿದೆವು. ಕೆಲವರು ಒಪ್ಪಿದರು, ಕೆಲವರು ‘ನೋಡೋಣ’ ಅಂದರು.

ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಇವತ್ತೇ ಬಂದ್ ಮಾಡಿ. ಹೊಸದು ಬರುವವರೆಗೆ ಅಡುಗೆಮನೆಯಲ್ಲಿ ಪಾತ್ರೆಯಲ್ಲಿ ಕಾಯಿಸಿದರೂ ನಡೆಯುತ್ತದೆ. ಹೊರಗಿನಿಂದಲೂ ತೆಗೆಯಲು ಆಗುವ ಚಿಲಕ ಹಾಕಿಸಿ. ಒಳಗೆ ಹೋದವರು ತಡ ಮಾಡಿದರೆ ಕರೆಯಿರಿ. ಉತ್ತರ ಬರದಿದ್ದರೆ ಬಾಗಿಲು ಒಡೆಯಿರಿ, ಗ್ಯಾಸ್ ಬಂದ್ ಮಾಡಿ, ಗಾಳಿಗೆ ತನ್ನಿ, 108ಕ್ಕೆ ಫೋನ್ ಮಾಡಿ. ಎಚ್ಚರವಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು. ಗ್ಯಾಸ್ ಇತ್ತು ಅಂತ ಡಾಕ್ಟರಿಗೆ ಹೇಳಿ. ಊರಿನಲ್ಲಿರುವ ಉಮ್ಮಂದಿರೇ, ಮಗ ಬೆಂಗಳೂರಿನಿಂದ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳುತ್ತೀರಲ್ಲ, ಅದರ ಜೊತೆ ಬಾತ್‌ರೂಮಿನಲ್ಲಿ ಗೀಸರ್ ಯಾವುದು ಅಂತಲೂ ಕೇಳಿ.

ಆ ಮನೆಯಲ್ಲಿ ಈಗ 15 ಲೀಟರಿನ ಕರೆಂಟ್ ಗೀಸರ್ ಇದೆ. ಅರ್ಧ ದುಡ್ಡು ಓನರ್ ಕೊಟ್ಟರು, ಅರ್ಧ ಹುಡುಗರು ಹಾಕಿದರು. ನಾಲ್ಕು ಪಾಲು ಮಾಡಿದಾಗ ಒಬ್ಬೊಬ್ಬನಿಗೆ ಬಂದದ್ದು ಅವರು ಹೋಟೆಲಿನಲ್ಲಿ ನಾಲ್ಕೈದು ಸಲ ಬಿರಿಯಾನಿ ತಿನ್ನುವಷ್ಟು. ಆ ಹುಡುಗ ಕೆಲಸಕ್ಕೆ ಹೋಗುತ್ತಿದ್ದಾನೆ, ಸುಬ್‌ಹಿಗೆ ಮೊದಲ ಸಾಲಿನಲ್ಲಿ ಇರುತ್ತಾನೆ. ಅಲ್ಲಾಹನು ನಮ್ಮೆಲ್ಲರ ಮಕ್ಕಳನ್ನು ಕಾಪಾಡಲಿ, ಆಮೀನ್.