ನೆಲಮಾಳಿಗೆಯ ಮೆಟ್ಟಿಲಿಳಿದ ಪೊಲೀಸಪ್ಪ

ಗಸ್ತಿನ ಪೊಲೀಸಿನವನನ್ನು ಒಳಗೆ ಕರೆದು ಮನೆಯಡುಗೆ ಬಡಿಸುವ ರೂಢಿ ವಿಕ್ಟೋರಿಯಾ ಕಾಲದ ಲಂಡನ್ನಿನಲ್ಲಿ ನಗೆಪಾಟಲಾಗುವಷ್ಟು ಹೆಸರಾಗಿತ್ತು. ಬಡಿಸುತ್ತಿದ್ದವಳು ಅಡುಗೆಯವಳು, ಮನೆಯೊಡತಿಗೆ ಸುದ್ದಿಯೇ ಇರುತ್ತಿರಲಿಲ್ಲ. ಅತಿಥಿಗೆ ಮುಂಬಾಗಿಲೂ ಬೇಕಿರಲಿಲ್ಲ. ಬೀದಿಬದಿಯ ಕಬ್ಬಿಣದ ಕಟಕಟೆ ದಾಟಿದರೆ ಕಡಿದಾದ ಮೆಟ್ಟಿಲು, ಮೆಟ್ಟಿಲಿಳಿದರೆ ನೆಲಮಾಳಿಗೆಯ ಅಡುಗೆಮನೆ, ಅಲ್ಲಿ ಉರಿಯುವ ಒಲೆ.

ಗೃಹಮಂತ್ರಿ ರಾಬರ್ಟ್ ಪೀಲ್ ಕಟ್ಟಿದ ಮೆಟ್ರೊಪಾಲಿಟನ್ ಪೊಲೀಸ್ ಪಡೆ ಬೀದಿಗಿಳಿದದ್ದು 1829ರ ಸೆಪ್ಟೆಂಬರ್ 29ರ ಸಂಜೆ. ಕಾನ್‌ಸ್ಟೇಬಲ್‌ಗೆ ದಿನಕ್ಕೆ ಮೂರು ಶಿಲಿಂಗ್ ಸಂಬಳ, ಗಂಟೆಗೆ ಎರಡೂವರೆ ಮೈಲಿ ನಡಿಗೆ, ಮಳೆಯಿರಲಿ ಮಂಜಿರಲಿ ರಾತ್ರಿಯಿಡೀ ಅದೇ ಬೀದಿಗಳ ಸುತ್ತು. ಕುಡಿದು ಕೆಲಸ ಕಳೆದುಕೊಂಡವರು ಮೊದಲ ವರ್ಷಗಳಲ್ಲಿ ಬಹಳ ಮಂದಿ. ಹಾಗಾಗಿ ಕಮಿಷನರ್‌ಗಳಾದ ಚಾರ್ಲ್ಸ್ ರೋವನ್ ಮತ್ತು ರಿಚರ್ಡ್ ಮೇನ್ ಅವರ ನಿಯಮಗಳ ಕಣ್ಣೆಲ್ಲ ಹೆಂಡದಂಗಡಿಯ ಮೇಲೆ. ನಡೆಯುವವನಿಗೆ ಹಸಿವೂ ಆಗುತ್ತದೆ ಎಂಬುದು ಅವರಿಗೆ ಅಷ್ಟಾಗಿ ಹೊಳೆದಂತಿಲ್ಲ. ವಾರಕ್ಕೊಂದು ರಜೆ ಕಾನೂನಾಗುವುದಕ್ಕೇ 1910 ಬರಬೇಕಾಯಿತು.

ಮರೆತುಹೋದ ಆ ಹಸಿವನ್ನು ನೆನಪಿಟ್ಟವಳು ಅಡುಗೆಯವಳು. ಯಜಮಾನರ ರಾತ್ರಿಯೂಟ ಮುಗಿದ ಮೇಲೆ ಉಳಿದ ತಣ್ಣನೆಯ ಕುರಿಮಾಂಸ, ಮೊಲದ ಮಾಂಸ ತುಂಬಿದ ಪೈ ಅವಳ ಕೈಯಲ್ಲಿರುತ್ತಿದ್ದವು. ಕೆಲಸದ ಹೆಂಗಸರನ್ನು ಹುಡುಕಿಕೊಂಡು ಯಾವ ಗಂಡಸೂ ಬರಕೂಡದೆಂದು ಒಡತಿಯರು ಕಟ್ಟಪ್ಪಣೆ ಮಾಡುತ್ತಿದ್ದರು. ಆದರೆ ಬಾಗಿಲ ಚಿಲಕ ಭದ್ರವಾಗಿದೆಯೇ ಎಂದು ನೋಡಲು ಬಂದ ಸಮವಸ್ತ್ರದವನನ್ನು ಬೇಡವೆನ್ನುವುದು ಹೇಗೆ? 1841ರಲ್ಲಿ ಹುಟ್ಟಿದ ‘ಪಂಚ್’ ಪತ್ರಿಕೆಯ ವ್ಯಂಗ್ಯಚಿತ್ರಕಾರರಿಗೆ ಈ ಜೋಡಿ ಬತ್ತದ ಸರಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಮನೆ ಕಾಯಬೇಕಾದವನೇ ಉಗ್ರಾಣ ಖಾಲಿ ಮಾಡುತ್ತಾನೆ ಎಂಬುದು ಒಡೆಯರ ವರ್ಗದ ನಗೆ. ಅದರಲ್ಲಿ ಜಿಪುಣತನದ ಪಾಲೂ ಇತ್ತು. ರಾತ್ರಿ ಒಬ್ಬ ಗಟ್ಟಿ ಆಳು ತಮ್ಮ ಬಾಗಿಲ ಬಳಿಯೇ ಹೆಚ್ಚು ಹೊತ್ತು ಸುಳಿಯುವುದರಿಂದ ಲಾಭ ಯಾರಿಗೆಂದು ನಗುವವರು ಲೆಕ್ಕ ಹಾಕಿದಂತೆ ಕಾಣುವುದಿಲ್ಲ.

ಕಾಯ್ದೆ ಹಿಡಿದದ್ದು ಅಡುಗೆಯವಳನ್ನಲ್ಲ, ಪಬ್ಬಿನವನನ್ನು. 1872ರ ಲೈಸೆನ್ಸಿಂಗ್ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಕರ್ತವ್ಯದಲ್ಲಿರುವ ಕಾನ್‌ಸ್ಟೇಬಲ್‌ಗೆ, ಮೇಲಧಿಕಾರಿಯ ಅನುಮತಿಯಿಲ್ಲದೆ, ಮದ್ಯವನ್ನಾಗಲಿ ತಿಂಡಿತೀರ್ಥವನ್ನಾಗಲಿ ಕೊಡುವುದು ಲೈಸೆನ್ಸ್ ಪಡೆದವನ ಅಪರಾಧ. ಮಾರಿದರೂ ತಪ್ಪು, ಪುಕ್ಕಟೆ ಕೊಟ್ಟರೂ ತಪ್ಪು. ಮೊದಲ ಸಲಕ್ಕೆ ಹತ್ತು ಪೌಂಡಿನವರೆಗೆ ದಂಡ. ಆದರೆ ಬಂದವನು ಕರ್ತವ್ಯದಲ್ಲಿದ್ದಾನೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಅದಕ್ಕೊಂದು ಪಟ್ಟಿ ಇತ್ತು. ಇಡೀ ಕಥೆಯಲ್ಲಿ ಅತಿ ಸ್ವಾರಸ್ಯದ ವಸ್ತುವೇ ಇದು. ಆರಂಭದ ದಿನಗಳಲ್ಲಿ ಪೊಲೀಸರು ಬಿಡುವಿನಲ್ಲೂ ಸಮವಸ್ತ್ರ ತೊಟ್ಟೇ ತಿರುಗಬೇಕಿತ್ತು. ಹೀಗಾಗಿ 1830ರಿಂದ, ಕೆಲಸದ ಹೊತ್ತಿನಲ್ಲಿ ಮಾತ್ರ, ಎಡಗೈ ತೋಳಿನ ತುದಿಗೆ ಗೆರೆಗೆರೆಯ ಬಟ್ಟೆಯ ಪಟ್ಟಿ ಕಟ್ಟುವ ಪದ್ಧತಿ ಬಂತು. ಮೆಟ್ರೊಪಾಲಿಟನ್‌ನವರಿಗೆ ನೀಲಿ ಬಿಳಿ, ಸಿಟಿ ಆಫ್ ಲಂಡನ್ ಪೊಲೀಸರಿಗೆ ಕೆಂಪು ಬಿಳಿ. ಪಟ್ಟಿ ಇದ್ದರೆ ಸರ್ಕಾರದ ಆಳು, ಬಿಚ್ಚಿದರೆ ಬರಿಯ ಗಿರಾಕಿ. ಬಿಚ್ಚಿ ಜೇಬಿಗಿಳಿಸಲು ಎಷ್ಟು ಹೊತ್ತು ಬೇಕು?

1894ರ ಜುಲೈನಲ್ಲಿ ಆದದ್ದೂ ಅದೇ. ಠಾಣೆಯ ಹತ್ತಿರವೇ ಇದ್ದ, ಪೊಲೀಸರೇ ಪದೇಪದೇ ಬರುತ್ತಿದ್ದ ಪಬ್ಬಿಗೆ ಪಟ್ಟಿಯಿಲ್ಲದ ಕೈಯ ಕಾನ್‌ಸ್ಟೇಬಲ್ ಒಬ್ಬ ಬಂದ. ಮಾಲೀಕನೂ ಮಗಳೂ ಏನನ್ನೂ ಕೇಳದೆ ಅವನಿಗೆ ಬೇಕಾದ್ದನ್ನು ಕೊಟ್ಟರು. ಆತ ಕರ್ತವ್ಯದಲ್ಲಿದ್ದ! ಮಾಲೀಕನಿಗೆ ಶಿಕ್ಷೆಯಾಯಿತು, ಮೊಕದ್ದಮೆ ಮೇಲಕ್ಕೆ ಹೋಯಿತು. ಕಾಯ್ದೆ ಬರೆದವರು ಕಾನ್‌ಸ್ಟೇಬಲ್‌ನನ್ನು ಒಳಗೆ ಇರಿಸಿಕೊಳ್ಳುವ ತಪ್ಪಿಗೆ ‘ಗೊತ್ತಿದ್ದೂ’ ಎಂದು ಸೇರಿಸಿದ್ದರು, ಕುಡಿಯಲು ಕೊಡುವ ತಪ್ಪಿಗೆ ಸೇರಿಸಿರಲಿಲ್ಲ. ಹಾಗಾದರೆ ಗೊತ್ತಿಲ್ಲದೆ ಕೊಟ್ಟರೂ ಅಪರಾಧವೇ? ಅಲ್ಲ ಎಂದರು 1895ರಲ್ಲಿ ನ್ಯಾಯಮೂರ್ತಿಗಳಾದ ಡೇ ಮತ್ತು ರೈಟ್. ಪಟ್ಟಿ ಕಾಣದೆ, ಪ್ರಾಮಾಣಿಕವಾಗಿ ನಂಬಿ ಕೊಟ್ಟವನಲ್ಲಿ ದುರುದ್ದೇಶವಿಲ್ಲ. ಕಾಯ್ದೆಯಲ್ಲಿ ಬರೆದಿರದಿದ್ದರೂ ಅಪರಾಧಕ್ಕೆ ಅಪರಾಧಿ ಮನಸ್ಸು ಬೇಕೆಂದೇ ಸಾಮಾನ್ಯವಾಗಿ ಭಾವಿಸಬೇಕು ಎಂಬುದು ರೈಟ್ ಅವರ ತರ್ಕ. ‘ಶೆರಾಸ್ ವಿರುದ್ಧ ಡಿ ರುಟ್ಜೆನ್’ ಎಂಬ ಈ ತೀರ್ಪನ್ನು ಭಾರತದ ಸುಪ್ರೀಂ ಕೋರ್ಟ್ 1965ರಲ್ಲಿ ಚಿನ್ನದ ಕಳ್ಳಸಾಗಣೆಯ ಮೇಯರ್ ಹ್ಯಾನ್ಸ್ ಜಾರ್ಜ್ ಪ್ರಕರಣದಲ್ಲಿ ಚರ್ಚಿಸಿತು. ಕರ್ನಾಟಕದ ಕಾನೂನು ಕಾಲೇಜುಗಳಲ್ಲಿ ಅಪರಾಧ ಕಾನೂನಿನ ಪಾಠ ಕೇಳಿದವರಿಗೆ ಹೆಸರು ಗೊತ್ತೇ ಇರುತ್ತದೆ. ಅದರ ಮೂಲದಲ್ಲಿ ಬಾಯಾರಿದ ಒಬ್ಬ ಪೊಲೀಸಪ್ಪನಿದ್ದಾನೆ ಎಂಬುದು ಪರೀಕ್ಷೆ ಮುಗಿದ ಮೇಲೆ ಎಷ್ಟು ಮಂದಿಗೆ ನೆನಪಿರುತ್ತದೋ!

ಅಡುಗೆಮನೆಯ ಆತಿಥ್ಯಕ್ಕೆ ಕೊನೆ ತಂದದ್ದು ಕೋರ್ಟಲ್ಲ. ಮೊದಲ ಮಹಾಯುದ್ಧದ ನಂತರ ಮಧ್ಯಮ ವರ್ಗದ ಮನೆಗಳಲ್ಲಿ ಅಡುಗೆಯವರೇ ಇಲ್ಲವಾಗುತ್ತ ಬಂದರು. ಲಂಡನ್ನಿನ ಬೀದಿಗಳಲ್ಲಿ ಗಿಲ್ಬರ್ಟ್ ಮೆಕೆಂಜಿ ಟ್ರೆಂಚ್ ವಿನ್ಯಾಸದ ನೀಲಿ ಪೊಲೀಸ್ ಪೆಟ್ಟಿಗೆಗಳು ಎದ್ದವು. ‘ಡಾಕ್ಟರ್ ಹೂ’ ಧಾರಾವಾಹಿಯ ಕಾಲನೌಕೆಗೆ ಮಾದರಿಯಾದವೂ ಇವೇ. ಒಳಗೆ ಫೋನು, ಬರೆಯಲು ಪುಟ್ಟ ಮೇಜು. ಬುತ್ತಿ ಬಿಚ್ಚಿ ಒಬ್ಬನೇ ತಿನ್ನಬಹುದಿತ್ತು. ಇಲಾಖೆ ಕೊನೆಗೂ ಹಸಿವನ್ನು ಒಪ್ಪಿಕೊಂಡಿತಾದರೂ ಒಲೆಯ ಪಕ್ಕದ ಮಾತುಕತೆಯನ್ನು ಆ ಪೆಟ್ಟಿಗೆ ಕೊಡಲಾರದಾಗಿತ್ತು.

ಚಹಾಕ್ಕೆ ಕರೆಯುವ ಮನೆ, ಬೇಕರಿಗಳೇನೂ ಪೂರ್ತಿ ಮಾಯವಾಗಲಿಲ್ಲ. ಸಮಾಜಶಾಸ್ತ್ರಜ್ಞೆ ಮೌರೀನ್ ಕೇನ್ 1973ರ ತಮ್ಮ ಅಧ್ಯಯನದಲ್ಲಿ ಇಂಗ್ಲೆಂಡಿನ ಪೊಲೀಸರು ಗಸ್ತಿನ ನಡುವೆ ಹೀಗೆ ಬಿಡುವು ಮಾಡಿಕೊಳ್ಳುವ ಬಗೆಗಳನ್ನು ಗಂಭೀರವಾಗಿ ಪರಿಶೀಲಿಸಿದರು. ಹಳ್ಳಿಯವನು ಊರವರನ್ನು ನೆಚ್ಚಿ ಬದುಕುತ್ತಿದ್ದ, ನಗರದವನು ಸಹೋದ್ಯೋಗಿಗಳನ್ನು. ಅಷ್ಟರಲ್ಲಾಗಲೇ ಕಾರು ಮತ್ತು ಜೇಬಿನ ರೇಡಿಯೊ ಕಾಲ್ನಡಿಗೆಯ ಗಸ್ತನ್ನು ನುಂಗತೊಡಗಿದ್ದವು. ಮೆಟ್ರೊಪಾಲಿಟನ್ ಪೊಲೀಸರು ನೀಲಿ ಬಿಳಿ ಪಟ್ಟಿಯನ್ನು 1968ರಲ್ಲಿ ಕೈಬಿಟ್ಟರು.